ಇನ್ನೂರ ಮೂವತ್ತೈದು ಟೈಲ್ಸ್

ಡೈರಿಗಷ್ಟೇ ಹೇಳಿದ್ದೆ: ನನ್ನ ಲೆಕ್ಕ ತಪ್ಪಿದರೆ ಮಹಾಂತೇಶನ ಹೆಸರು ಕೆಡುತ್ತದೆ.

ಅಂಕಲಗಿಯ ನಮ್ಮ ಅಂಗಳದ ನಾಲ್ಕು ಬದಿಗಳೂ ಬೇರೆ ಬೇರೆ ಅಳತೆ. ಟೈಲ್ಸ್ ಕೂರಿಸುವ ಮಹಾಂತೇಶ ಸ್ವಂತವಾಗಿ ಹಿಡಿದ ಮೊದಲ ಕೆಲಸ ಇದು. ಟೇಪಿನ ತುದಿ ಹಿಡಿಯಲು ನನ್ನನ್ನು ಕರೆದ.

"ಗಟ್ಟಿ ಹಿಡೀರಿ, ಬಿ.ಎಸ್ಸಿ. ಮೇಡಂ. ಟೇಪ್ ಕಡಿಯೂದಿಲ್ಲ."

ನಾನು ಅವನ ರೆಪ್ಪೆಯ ಮೇಲೆ ಕುಳಿತ ಸಿಮೆಂಟಿನ ಧೂಳು ನೋಡುತ್ತಿದ್ದೆ. ಅವನು ತಲೆ ಎತ್ತಿದ. ಟೇಪು ಕೈಜಾರಿ ಸರ್ರನೆ ಓಡಿತು.

"ಅಂಗಳಾ ಅಳೀಬೇಕ್ರಿ, ನನ್ನಲ್ಲ," ಎಂದು ನಕ್ಕ.

ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಿ, ಆಮೇಲೆ ಗುಣಿಸುವುದು ನಮ್ಮ ಕಡೆಯ ರೂಢಿ. ಅವನೂ ಹಾಗೇ ಮಾಡಿದ.

"ಕಟಿಂಗ್ ಹಿಡದು ಒಂದು ಫೂಟಿನವು ಇನ್ನೂರ ಐವತ್ತೆರಡು ಬೇಕ್ರಿ ಕಾಕಾ. ಗೋಕಾಕದಾಗ ಈ ಬೆಲ್ಲದ ಬಣ್ಣದ್ದು ಇನ್ನೂರ ಮೂವತ್ತೈದು ಅಷ್ಟ ಉಳದಾವ."

"ಹಂಗಾರ ಬ್ಯಾರೆ ಬಣ್ಣ ನೋಡು," ಎಂದರು ಅಪ್ಪ.

ಅವನ ಮುಖ ಬಾಡಿತು. ಸ್ಯಾಂಪಲ್ಲಿನ ಮೇಲೆ ನನ್ನ ಬೆರಳು ಆಡಿದ್ದನ್ನು ಕಂಡು ಅವನೇ ಆರಿಸಿದ್ದ ಬಣ್ಣ ಅದು.

ಓರೆ ಅಂಗಳದಲ್ಲಿ ರೂಢಿಯ ಲೆಕ್ಕ ಹೆಚ್ಚೇ ತೋರಿಸುತ್ತದೆ. ಅವನು ಮರೆತುಹೋದ ಟೇಪಿನಿಂದ ಮೂಲೆಯಿಂದ ಎದುರು ಮೂಲೆಗೆ ಅಳೆದೆ, ಇಪ್ಪತ್ತು ಅಡಿ. ಅಂಗಳ ಎರಡು ತ್ರಿಕೋನವಾಯಿತು. ತೊಂಬತ್ತಾರು, ನೂರಿಪ್ಪತ್ತಾರು, ಕೂಡಿದರೆ ಇನ್ನೂರ ಇಪ್ಪತ್ತೆರಡು ಚದರಡಿ, ಅಷ್ಟೇ ಟೈಲ್ಸ್. ಒಂದು ಓರೆಯಲ್ಲಿ ಕತ್ತರಿಸಿದ ತುಂಡನ್ನು ಇನ್ನೊಂದು ಓರೆಗೆ ಕೂರಿಸಿದರೆ ಮೇಲೆ ಹನ್ನೊಂದು ಸಾಕು. ಡೈರಿಯ ಹಾಳೆ ಹರಿದು ಎಲ್ಲ ಬರೆದೆ, ಹೆಸರೊಂದು ಬಿಟ್ಟು. ಟೇಪಿಗೆ ಸುತ್ತಿಟ್ಟೆ.

ಮರುದಿನ ಅವನು ಅದನ್ನು ಎರಡು ಸಲ ಓದಿದ. ಯಾರನ್ನೂ ಏನೂ ಕೇಳಲಿಲ್ಲ. ಗೋಕಾಕಕ್ಕೆ ಹೋಗಿ ಇದ್ದಷ್ಟೂ ಟೈಲ್ಸ್ ತಂದ.

ಮೂರು ದಿನ, ಅವನು ಕೂರಿಸುತ್ತಾ ಹೋದಂತೆ, ನಾನು ಉಳಿದ ಟೈಲ್ಸ್ ಎಣಿಸುತ್ತಿದ್ದೆ.

ಕೊನೆಯ ಮೂಲೆ ಮುಚ್ಚಿದಾಗ ಎರಡು ಟೈಲ್ಸ್ ಉಳಿದವು. ಅಂಗಳದ ತುಂಬ ಒಂದೇ ಬೆಲ್ಲದ ಬಣ್ಣ, ಎಲ್ಲೂ ತೇಪೆಯಿಲ್ಲ.

"ಭಲೇ ಮಹಾಂತೇಶ! ಎಂಥಾ ಲೆಕ್ಕಾ ಹಾಕಿದ್ಯೋ!" ಅಪ್ಪ ಅವನ ಬೆನ್ನು ತಟ್ಟಿದರು.

"ಲೆಕ್ಕಾ ನಂದಲ್ರಿ ಕಾಕಾ." ಅವನು ಜೇಬಿನಿಂದ ಮಡಚಿದ ಹಾಳೆ ತೆಗೆದ. "ಯಾರದಂತ ಗೊತ್ತೈತಿ. ಆದ್ರ ಅವರ ಬಾಯಿಂದನ ಕೇಳಬೇಕು."

ನನ್ನತ್ತ ನೋಡಿದ. ತಾನೇ ಗೆದ್ದವನಂತೆ ಅವನ ಕಣ್ಣಲ್ಲಿ ಹೆಮ್ಮೆ. ಅದನ್ನು ಕಂಡು ನನ್ನ ತಲೆ ತಗ್ಗಲಿಲ್ಲ.

ಅಪ್ಪ ಹಾಳೆಯಲ್ಲಿ ನನ್ನ ಅಕ್ಷರ ಗುರುತಿಸಿದರು. "ವಿಜಯಾ, ನೀನ? ನನಗ ಹೇಳೂದ ಬಿಟ್ಟು ಇವಗ್ಯಾಕ ಕದ್ದು ಕೊಟ್ಟಿ?"

"ಇವರ ಕೆಲಸದಾಗ ತಪ್ಪೈತಿ ಅಂತ ಯಾರೂ ಹೆಸರಿಡಬಾರದು, ಅಪ್ಪಾ," ಎಂದೆ. "ಇವರು ನನಗ ಬೇಕಾದವರು."