ದೇವರ ಕೋಣೆಯ ಸ್ವಿಚ್ಚು

೧೯೪೪ರಲ್ಲಿ ಸವಣೂರಿನ ವಾದಿರಾಜಾಚಾರ್ಯರ ಮನೆಗೆ ದೀಪದ ತಂತಿ ಎಳೆದವನು ನಾನೇ. ಹತ್ತಿ ಗಿರಣಿಯ ಎಂಜಿನ್ನಿನಿಂದ ಸಂಜೆ ಮಾತ್ರ ಕರೆಂಟು ಬರುತ್ತಿತ್ತು. ದೇವರ ಕೋಣೆಯ ಬಾಗಿಲ ಪಕ್ಕದ ಸ್ವಿಚ್ಚಿಗೆ ಹಿತ್ತಾಳೆಯ ಮುಚ್ಚಳವಿತ್ತು. ಮುಚ್ಚಳಕ್ಕೆ ಕರೆಂಟು ಹರಿದರೂ ಮಣ್ಣಿಗೆ ಇಳಿದುಹೋಗಲೆಂದು ಅದರಿಂದ ಒಂದು ತಂತಿಯನ್ನು ಹಸಿ ನೆಲಕ್ಕೆ ಇಳಿಸಿ ಹೂಳಬೇಕು ಎಂದೆ. ಸದಾ ಹಸಿಯಿದ್ದದ್ದು ತುಳಸಿ ಕಟ್ಟೆಯ ಬುಡವೊಂದೇ.

“ಅಲ್ಲಿ ಅಗೀಬ್ಯಾಡೋ ಗುದ್ಲೆಪ್ಪಾ,” ಎಂದರು ಆಚಾರ್ಯರ ತಾಯಿ ಗೋಪಿಕಾಬಾಯಿ. ನಾನೂ ಹೂಂ ಎಂದು ಬಿಟ್ಟುಬಿಟ್ಟೆ.

ಎಂಟನೆಯ ದಿನ ಸಂಜೆ ಒಳಗಿನ ತಂತಿ ಮುಚ್ಚಳಕ್ಕೆ ತಗುಲಿತ್ತು. ಒದ್ದೆ ಮಡಿಸೀರೆಯಲ್ಲಿ ಬಂದು ಅದನ್ನು ಹಿಡಿದ ಗೋಪಿಕಾಬಾಯಿ ಅಲ್ಲೇ ತೀರಿಕೊಂಡರು.

ಸೂತಕ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಸ್ವಿಚ್ಚನ್ನು ಕೀಳಲು ಹೋದೆ. ಎಂಜಿನ್ನು ನಿಂತಿತ್ತು, ಫ್ಯೂಜು ನನ್ನ ಜೇಬಿನಲ್ಲೇ ಇತ್ತು. ಆದರೂ ಮುಟ್ಟಿದೊಡನೆ ಬೆರಳು ಜುಮ್ಮೆಂದಿತು. ಮುಚ್ಚಳ ತಣ್ಣಗೆ, ಒದ್ದೆಯಾಗಿತ್ತು. ಒರೆಸಿದೆ, ಮತ್ತೆ ಒದ್ದೆಯಾಯಿತು. ಬೆನ್ನ ಹಿಂದೆ ಸೀರೆಯಿಂದ ನೀರು ತೊಟ್ಟಿಕ್ಕುವ ಸದ್ದು. ತಿರುಗಿದರೆ ನೆಲ ಒಣಗಿತ್ತು.

ಪಡಸಾಲೆಯಲ್ಲಿ ನಿಂತಿದ್ದ ಗೋಪಿಕಾಬಾಯಿಯವರ ಸೊಸೆ ಮೆಲ್ಲಗೆ ಹೇಳಿದರು: “ಕೈ ತಗೀರಿ. ಅತ್ತಿಯವರು ಇನ್ನೂ ಬಿಟ್ಟಿಲ್ಲ.”

ಕಣ್ಣು ಮುಚ್ಚಿಕೊಂಡೇ ಸ್ಕ್ರೂ ಬಿಚ್ಚಿದೆ.

ಆ ಮುಚ್ಚಳ ಈಗ ನನ್ನ ಮನೆಯ ಗೂಡಿನಲ್ಲಿದೆ. ಅದರ ಕೆಳಗೊಂದು ತಟ್ಟೆ ಇಟ್ಟಿದ್ದೇನೆ. ದಿನಾ ಸಂಜೆ ತಟ್ಟೆಯಲ್ಲಿ ತುಂಬಿದ ನೀರು ಚೆಲ್ಲುತ್ತೇನೆ.