ಮಂಡಿನೋವಿನ ಸೂಜಿ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಭಾರತೀನಗರ ಠಾಣೆಗೆ ಬಂದ ಆಶಾರಾಣಿ ಕುರ್ಚಿ ಕೊಟ್ಟರೂ ಕೂರಲಿಲ್ಲ. ಮಂಡ್ಯದ ಗುತ್ತಲಿಗೆ ಕೊಟ್ಟ ಹೆಣ್ಣು, ತವರು ಇಲ್ಲೇ ಪಕ್ಕದ ಹಳ್ಳಿ. ತಾಯಿ ಮಹದೇವಮ್ಮ ಮೂರು ದಿನದಿಂದ ಮಂಡ್ಯದ ಆಸ್ಪತ್ರೆಯಲ್ಲಿ, ಕಿಡ್ನಿ ಕೈಕೊಡುತ್ತಿದೆ.

"ಮಂಡಿನೋವು ಅಂತ ಯಾರೋ ಸೂಜಿ ಚುಚ್ಚವ್ರೆ ಸಾ. ಯಾರು ಅಂದ್ರೆ ಅವ್ವ ಬಾಯೇ ಬುಡ್ತಿಲ್ಲ."

ಕಬ್ಬಿನ ಲಾರಿಯವರ ಜಗಳ ಬಿಡಿಸಿ ಬಂದ ಇನ್ಸ್‌ಪೆಕ್ಟರ್ ಕೆಂಪಸಿದ್ದಯ್ಯನವರಿಗೆ ಟೀ ಕುಡಿಯಲೂ ಪುರುಸೊತ್ತಾಗಿರಲಿಲ್ಲ. ನಿವೃತ್ತಿಗೆ ಇನ್ನೆಂಟು ತಿಂಗಳು. ಅಲ್ಲಿಯವರೆಗಾದರೂ ಈ ಜನ ತೆಪ್ಪಗಿರಬಾರದೇ ಅನ್ನಿಸಿತು. ಎಫ್‌ಐಆರ್ ಹಾಕಿಸಿ ಆಸ್ಪತ್ರೆಗೆ ಫೋನು ಮಾಡಿದರು.

"ರಕ್ತದಲ್ಲಿ ವಿಟಮಿನ್ ಡಿ ಮಿತಿ ಮೀರಿದೆ," ಎಂದರು ಡಾಕ್ಟರ್ ವೀಣ. "ಅದರಿಂದ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಹೆಚ್ಚಾದದ್ದು ಮೂತ್ರದಲ್ಲಿ ಹೋಗಿಬಿಡುವ ವಿಟಮಿನ್ ಅಲ್ಲ ಸಾರ್ ಇದು, ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಕೂರುತ್ತೆ. ಇನ್ನೂ ಯಾರ್ಯಾರಿಗೆ ಚುಚ್ಚಿದ್ದಾನೋ, ಇವತ್ತೇ ಹುಡುಕಿ. ಮಂಕು ಕವಿಯೋಕೆ ಶುರುವಾದ್ರೆ ಕಷ್ಟ."

ಹನ್ನೆರಡಕ್ಕೆ ಆಶಾರಾಣಿಯನ್ನೂ ಕರೆದುಕೊಂಡು ಆಕೆಯ ತವರು ಹಳ್ಳಿ ಸೇರಿದರು. ಬೀದಿಯಲ್ಲಿ ಒಬ್ಬ ಹೆಂಗಸಾದರೂ ಬಾಯಿ ಬಿಡಬೇಕಲ್ಲ!

"ಅದು ವಿಟಮಿನ್ನು ಕಣ್ ಸಾ, ವಿಸವಾ?" ಎಂದಳು ಪಕ್ಕದ ಮನೆಯ ಕುಸುಮ. "ಮಲಗಿದ್ದೋರು ಎದ್ದು ಓಡಾಡಂಗೆ ಮಾಡವ್ನೆ. ಅವ್ನೆಸ್ರು ನಾನೇಳಕಿಲ್ಲ."

"ನಿನಗೂ ಚುಚ್ಚಿದ್ದಾನಾ?"

"ಆರು ಸೂಜಿ. ಈಗೊಂಚೂರು ವಾಕರಿಕೆ, ಅಷ್ಟೇಯ."

ಕೆಂಪಸಿದ್ದಯ್ಯನವರು ತಡಮಾಡದೆ ಕುಸುಮಳನ್ನು ಆಶಾರಾಣಿಯ ಜೊತೆ ಆಟೋ ಹತ್ತಿಸಿ ಆಸ್ಪತ್ರೆಗೆ ಅಟ್ಟಿದರು.

ಅಷ್ಟರಲ್ಲಿ ಕಾನ್‌ಸ್ಟೇಬಲ್ ನಾಗಶ್ರೀ ಮಹದೇವಮ್ಮನ ಹಿತ್ತಲ ತಿಪ್ಪೆ ಕೆದಕಿ ಒಂದು ಖಾಲಿ ಬಾಟಲಿ ತಂದಳು. ಲೇಬಲ್ಲಿನ ಮೇಲೆ ಹಸುವಿನ ಚಿತ್ರ, ಕೆಳಗೆ ವಿಟಮಿನ್ ಡಿ ಎಂಬ ಅಕ್ಷರ.

"ದನದ್ದು ಸಾರ್. ಕರು ಹಾಕಿ ಏಳಲಾರದೆ ಬಿದ್ದ ಹಸುಗೆ ಕೊಡೋದು."

ಇಬ್ಬರು ಪಂಚರ ಎದುರು ಪಂಚನಾಮೆ ಬರೆದು, ಹನ್ನೆರಡು ಐವತ್ತಕ್ಕೆ ಬಾಟಲಿಯನ್ನು ಸೀಲ್ ಮಾಡಿದರು.

ಬ್ಯಾಚ್ ನಂಬರ್ ಹಿಡಿದು ಮಳವಳ್ಳಿಯ ದನದ ಔಷಧಿ ಅಂಗಡಿ ಮುಟ್ಟಿದಾಗ ಎರಡೂವರೆ. ಅಂಗಡಿ ಮಾಲೀಕ ಸ್ವಾಮಿ ಸತಾಯಿಸಲಿಲ್ಲ. "ಇದನ್ನ ಡಜನ್‌ಗಟ್ಟಲೆ ಒಯ್ಯೋನು ಒಬ್ನೇ. ಹಸುಗಳಿಗೆ ಸೂಜಿ ಹಾಕ್ಕೊಂಡು ತಿರುಗೋ ಸಿದ್ದರಾಮು. ಮದ್ದೂರು ರಸ್ತೆ ಪಕ್ಕದ ಹಳ್ಳೀಲಿ ಮನೆ."

ನಾಲ್ಕು ಗಂಟೆಗೆ ಸಿದ್ದರಾಮು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. ಓಡಲಿಲ್ಲ, ಕೈ ತೊಳೆದುಕೊಂಡು ಬಂದ.

"ಮಹದೇವಮ್ಮಂಗೆ ಏನು ಚುಚ್ಚಿದೆ?"

"ವಿಟಮಿನ್ನು."

"ದನದ್ದು."

"ಯಾರಿಗಾಕುದ್ರೂ ವಿಟಮಿನ್ನೇ ಅಲ್ವಾ ಸಾ?"

"ಎಷ್ಟು ಜನಕ್ಕೆ?"

ಬೆರಳು ಮಡಿಸುತ್ತಾ ಹನ್ನೊಂದು ಹೆಸರು ಹೇಳಿದ. ನಾಗಶ್ರೀ ಒಂದೊಂದನ್ನೂ ಬರೆದುಕೊಂಡು ಡಾಕ್ಟರಿಗೆ ಫೋನಿನಲ್ಲಿ ಓದಿದಳು.

"ಸುಸ್ತು, ವಾಂತಿ ಅಂದೋರಿಗೆ?"

"ಸಕ್ತಿ ಸಾಲ್ದು ಅಂತ ಇನ್ನೊಂದಾಕ್ದೆ."

ಕೆಂಪಸಿದ್ದಯ್ಯನವರಿಗೆ ಬೈಯಲೂ ತ್ರಾಣ ಉಳಿದಿರಲಿಲ್ಲ. ಒಳಗಿನಿಂದ ಯಾರೋ "ನೀರು, ನೀರು" ಎಂದು ನರಳಿದರು. ಮಂಚದ ಮೇಲೆ ಅವನ ತಾಯಿ ಯಶೋದಮ್ಮ, ತುಟಿ ಒಣಗಿ, ಯಾರನ್ನೂ ಗುರುತಿಸದೆ ಮಲಗಿದ್ದಳು.

"ಇವ್ರಿಗೂ ಹಾಕಿದ್ಯೇನೋ?"

"ಎಲ್ರಿಗಿಂತ ಮೊದ್ಲು ಅವ್ವಂಗೇಯ. ನಾಕು ತಿಂಗ್ಳಾಯ್ತು. ನೆನ್ನೇನೂ ಹಾಕಿವ್ನಿ."

ಆಂಬುಲೆನ್ಸ್‌ಗೆ ಫೋನು ಹೋಯಿತು. ಅದು ಬರುವವರೆಗೆ ಅವನ ಹೇಳಿಕೆ ಬರೆಸಿಕೊಂಡರು. ಬಿದ್ದ ಹಸು ಸೂಜಿ ಬಿದ್ದ ಮೇಲೆ ಎದ್ದು ನಿಲ್ಲುವುದನ್ನು ಎಷ್ಟೋ ಸಲ ಕಂಡವನು ಅವನು. ಅವ್ವ ಬಚ್ಚಲಿಗೆ ತೆವಳುವುದನ್ನು ನೋಡಲಾರದೆ ಒಂದು ದಿನ ಆಕೆಗೂ ಹಾಕಿದ. ಅದರಿಂದಲೋ ಏನೋ, ಎರಡನೇ ವಾರ ಆಕೆ ಅಂಗಡಿಯವರೆಗೆ ನಡೆದುಹೋದಳು. ನೋಡಿದ ಜನ ಹುಡುಕಿಕೊಂಡು ಬಂದರು, ಡಾಕ್ಟ್ರೇ ಎಂದರು. ಅಲ್ಲ ಅನ್ನಲು ಅವನಿಗೆ ಮನಸ್ಸು ಬರಲಿಲ್ಲ.

ಐದು ಇಪ್ಪತ್ತಕ್ಕೆ ಬಂಧಿಸಿದರು. ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸಬೇಕೆಂದು ಕಾನೂನಿದೆ.

"ಯಾರಿಗೆ ತಿಳಿಸೋಣ?"

"ಅವ್ವಂಗೆ. ನಂಗಿನ್ಯಾರವ್ರೆ?"

ನಾಗಶ್ರೀ ಆಂಬುಲೆನ್ಸ್ ಹತ್ತಿ, ಯಶೋದಮ್ಮನ ಕಿವಿಯ ಬಳಿ ಬಗ್ಗಿ ಎರಡು ಸಲ ಹೇಳಿದಳು. ಮುದುಕಿ ಅರೆಗಣ್ಣು ಬಿಟ್ಟಳು.

"ಬಿರ್‌ಬಿರ್ನೆ ಕಳಿಸ್ಬುಡವ್ವ ಅವನ್ನ," ಎಂದಳು. "ಭಾಳ ಸುಸ್ತಾಯ್ತದೆ. ಸೂಜಿ ಆಕ್ಬೇಕು."