ಸಾಗುವಾನಿಯ ಮೇಲೆ ಹೊರಿಸಿದ ತಪ್ಪು

“ಟೀಚರ್, ನಿಮ್ಮ ಸೀನು ಕೇಳಿ ನನ್ನ ಸೂಜಿ ತಪ್ಪಿತು ನೋಡ್ರಿ,” ಎಂದ ಮಹೇಶ್ವರಪ್ಪ, ಬಾಗಿಲಲ್ಲೇ ನಿಂತು.

“ಕಿವಿ ಮುಚ್ಕೊಂಡು ಹೊಲಿ ಅಂತ ಹೇಳ್ರೀ ನಿಮ್ಮ ಸೂಜಿಗೆ,” ಎಂದಳು ಸರ್ವಮಂಗಳ. ಮೂಗು ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ಆ ನೀರಿನಲ್ಲೂ ನಗುತ್ತಿದ್ದಳು. ಅವನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ.

ಸೊರಬದ ಬಸ್‌ಸ್ಟ್ಯಾಂಡಿನ ಹಿಂದೆ ಅವನದು ಪುಸ್ತಕ ಬೈಂಡ್ ಮಾಡುವ ಅಂಗಡಿ. ಅದಕ್ಕೆ ಅಂಟಿಕೊಂಡ ಮನೆಯ ಹೊರಕೋಣೆಗೆ 1958ರ ಜೂನಿನಲ್ಲಿ ಶಿಕಾರಿಪುರದಿಂದ ಈ ಟೀಚರ್ ಬಾಡಿಗೆಗೆ ಬಂದಿದ್ದಳು. ತಿಂಗಳೊಳಗೇ ಸೀನು ಹಿಡಿದು ಉಬ್ಬಸಕ್ಕೆ ತಿರುಗಿತು. ಡಾಕ್ಟರು ಬಂದು, ಎದುರಿಗೆ ಹೂಬಿಟ್ಟು ನಿಂತ ಸಾಗುವಾನಿ ಮರ ತೋರಿಸಿ, “ಅದರ ಹೂವಿನ ಧೂಳು ಇವರಿಗೆ ಆಗೊಲ್ಲ. ಕಿಟಕಿ ಸಂದು ಮುಚ್ಚಿಸಿ,” ಎಂದರು.

ತಾಯಿ ರಾಜೇಶ್ವರಮ್ಮ ಮಗನ ಮನಸ್ಸು ಬಲ್ಲವಳು. “ಹುಡುಗಿ ಚಿನ್ನದಂಥೋಳು. ಆದ್ರೆ ಉಬ್ಬಸದೋಳನ್ನ ನಾನು ಸೊಸೆ ಮಾಡ್ಕೊಳ್ಳಲ್ಲಪ್ಪ,” ಎಂದು ಅಡ್ಡಗೋಡೆ ಮೇಲೆ ದೀಪ ಇಡದೆ ಹೇಳಿಬಿಟ್ಟಳು. ಮೊದಲು ವಾಸಿಯಾಗಲಿ, ಆಮೇಲೆ ಕೇಳಿದರಾಯಿತು ಎಂದುಕೊಂಡ ನಮ್ಮ ಪುಣ್ಯಾತ್ಮ.

ಮೈದಾ ಅಂಟಿಗೆ, ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿ ಕುದಿಸಿದ. ಬೈಂಡಿಂಗ್ ಬಟ್ಟೆಯನ್ನು ಪಟ್ಟಿಯಾಗಿ ಕತ್ತರಿಸಿ ಕಿಟಕಿಯ ಸಂದುಸಂದಿಗೂ ಎಳೆದು ಅಂಟಿಸಿದ. ಅವಳು ಅಂಟಿನ ಬಟ್ಟಲು ಹಿಡಿದು ನಿಂತಿದ್ದಳು.

“ನನ್ನನ್ನೂ ಬೈಂಡ್ ಮಾಡಿಬಿಡ್ತೀರೇನ್ರೀ?”

“ಮಾಡಿದ್ರೆ ಹಾಳೆ ಉದುರಲ್ಲ, ಗ್ಯಾರಂಟಿ.”

ಅವಳು ಮುಂದಿನ ಮಾತಿಗೆ ಕಾದಳು. ಅವನು ಅದನ್ನು ನುಂಗಿಕೊಂಡ.

ಬಾಯಿ ಹೇಳದ್ದನ್ನು ಅವನು ಹೂವಿನಿಂದ ಹೇಳಿಸುತ್ತಿದ್ದ. ಅವಳು ಬಂದ ಮೊದಲ ವಾರದಿಂದಲೂ ದಂಡಾವತಿ ಹೊಳೆಯ ದಂಡೆಯಿಂದ ಕೇದಗೆ ತಂದು, ಶಾಲೆಯ ನೋಟ್‌ಬುಕ್ಕಿನ ಕಟ್ಟಿನೊಳಗೆ ಅಡಗಿಸಿ ಕೊಡುತ್ತಿದ್ದ. ಕೇದಗೆ ಶಿವನಿಗೆ ಸಲ್ಲದ ಹೂ. ಶಿವಭಕ್ತರ ಮನೆಯ ಗಂಡಸು ಅದನ್ನು ತಂದನೆಂದರೆ ಅರ್ಥ ಒಂದೇ: ಅದು ಪೂಜೆಗಲ್ಲ, ಹೆಣ್ಣಿನ ಮುಡಿಗೆ. ಅವಳು ಮುಡಿಯುತ್ತಿರಲಿಲ್ಲ, ಸೀರೆಗಳ ನಡುವೆ ಟ್ರಂಕಿನಲ್ಲಿಡುತ್ತಿದ್ದಳು. ಮುಚ್ಚಿದ ಕೋಣೆಯ ತುಂಬ ಆ ಘಮ.

ಸೀನು ಮಾತ್ರ ನಿಲ್ಲಲಿಲ್ಲ. ಅವನು ಎರಡನೆಯ ಪಟ್ಟಿ ಅಂಟಿಸಿದ. ಸಾಗುವಾನಿ ಹೂವೆಲ್ಲ ಉದುರಿದ ಮೇಲೆ ಮೂರನೆಯದನ್ನೂ ಅಂಟಿಸಿದ. ಅಷ್ಟರಲ್ಲಿ ಅವಳ ಅಣ್ಣ ನಾಗರಾಜಪ್ಪ ಅವಳನ್ನು ಕರೆದೊಯ್ಯಲು ಬಂದ. ಶಿಕಾರಿಪುರದಲ್ಲೇ ಗಂಡು ಗೊತ್ತಾಗಿತ್ತು, ವೀಳ್ಯಶಾಸ್ತ್ರವೂ ಆಗಿತ್ತು.

ಟ್ರಂಕು ಹೊತ್ತು ಬಸ್ಸಿನವರೆಗೆ ಬಂದವನು ಮಹೇಶ್ವರಪ್ಪನೇ. ಅಣ್ಣ ಸೀಟು ಹಿಡಿಯಲು ಒಳಗೆ ಹೋದ.

“ಆ ಮರ ಏನೂ ತಪ್ಪು ಮಾಡಿಲ್ರೀ,” ಎಂದಳು ಅವಳು ಮೆಲ್ಲಗೆ. “ಕೇದಗೆ ಹುಡಿ ನನಗೆ ಚಿಕ್ಕಂದಿನಿಂದ ಆಗೋದಿಲ್ಲ.”

ಅವನು ಟ್ರಂಕು ಕೆಳಗಿಟ್ಟ. “ಗೊತ್ತಿದ್ದೂ ಹೇಳ್ಲಿಲ್ವಾ?”

“ಹೇಳಿದ್ರೆ ಹೂವು ನಿಲ್ತಿತ್ತು. ನೀವು ಹೇಳಿದ್ದು ಅದೊಂದೇ ಅಲ್ಲೇನ್ರೀ? ಬಾಯಿಬಿಟ್ಟು ಒಂದು ಮಾತು ಅಂದಿದ್ರೆ, ಅವತ್ತೇ ಹೂ ಬೇಡ ಅಂತಿದ್ದೆ.”

“ಈಗ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?”

ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅವಳು ಅವನ ಅಂಟು ಮೆತ್ತಿದ ಬೆರಳುಗಳನ್ನೇ ನೋಡುತ್ತ ನಿಂತಳು.

“ಅಣ್ಣ ಮಾತು ಕೊಟ್ಟಾನೆ. ನಾನೂ ಹೂಂ ಅಂದುಬಿಟ್ಟೆ. ಎಷ್ಟು ದಿನ ಅಂತ ಕಾಯ್ಲಿ ಹೇಳ್ರೀ?”

“ಟ್ರಂಕಿನ ಹೂವು ಬಿಸಾಡ್ರಿ,” ಎಂದ ಅವನು. “ಅಲ್ಲಾದ್ರೂ ಸರಿಯಾಗಿ ಉಸಿರಾಡ್ರಿ.”

“ಆಗ್ಲಿ,” ಎಂದು ಅವಳು ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದಳು.

ಕಿಟಕಿ ಪಕ್ಕ ಕೂತು, ತೊಡೆಯ ಮೇಲಿನ ಟ್ರಂಕಿನ ಮುಚ್ಚಳ ಎತ್ತಿದ್ದು ಅವನಿಗೆ ಕಂಡಿತು. ಈಗ ಹೂ ಹೊರಗೆ ಬೀಳುತ್ತದೆ ಎಂದು ಕಾದ. ಮುಚ್ಚಳ ಮೆಲ್ಲಗೆ ಮುಚ್ಚಿಕೊಂಡಿತು.

ಬಸ್ಸು ಶಿಕಾರಿಪುರದ ರಸ್ತೆಗೆ ಹೊರಳುವಾಗ ಒಂದು ಸೀನು ಕೇಳಿಸಿತು. ಹಿಂದೆಯೇ ಇನ್ನೊಂದು.